ಉದ್ದಿನ ಲೋಳೆಯ ಬೆನ್ನು ಹಿಡಿದು

ಕಾಪುವಿನ ಆ ಮನೆಗೆ ಹೋದದ್ದು ಮೂಡೆಯ ಆಸೆಗೆ. ಅಷ್ಟಮಿಯ ಮುನ್ನಾದಿನ. ಒಳಗೆ ಇಡ್ಲಿ ಹಿಟ್ಟು ತುಂಬಿ ಬೇಯಿಸಲು ಕೇದಗೆ ಓಲಿಯಲ್ಲಿ ಸುತ್ತಿದ ಮೂಡೆ ಕೊಟ್ಟೆಗಳ ಸಾಲು, ಹೊರಗೆ ಜಡಿಮಳೆ. ಮನೆಯ ಅಕ್ಕ ಗ್ರೈಂಡರ್ ನಿಲ್ಲಿಸಿ, ಎರಡು ಬೆರಳಲ್ಲಿ ಉದ್ದಿನ ಹಿಟ್ಟು ತೆಗೆದು ಲೋಟದ ನೀರಿಗೆ ಬಿಟ್ಟರು. ಮುಳುಗಿತು. "ಇನ್ನೂ ಹತ್ತು ನಿಮಿಷ ಬೇಕು ಮಾರಾಯ್ರೆ" ಎಂದು ಮತ್ತೆ ಸ್ವಿಚ್ ಹಾಕಿದರು. ಎರಡನೇ ಸಲ ಹಿಟ್ಟು ಬೆಣ್ಣೆಯುಂಡೆಯ ಹಾಗೆ ತೇಲಿತು. ಬೆರಳು ಬಿಡಿಸಿದರೆ ನಡುವೆ ನೂಲಿನಂಥ ಎಳೆ. "ಲೋಳೆ ಬಂತು ನೋಡಿ. ಇನ್ನು ಅಕ್ಕಿ ತರಿ ಹಾಕಬಹುದು."

ಆ ಎಳೆ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಇಡ್ಲಿಯ ಹಳೆಯ ರೂಪವಾದ ವಡ್ಡಾರಾಧನೆಯ ಇಡ್ಡಲಿಗೆ ಎಲ್ಲರಿಗೂ ಗೊತ್ತು. ಸುಮಾರು 1025ರ ಲೋಕೋಪಕಾರದಲ್ಲೂ ಅದು ಮಜ್ಜಿಗೆಯಲ್ಲಿ ನೆನೆಸಿದ ಉದ್ದಿನದೇ, ಅಕ್ಕಿಯ ಸುದ್ದಿಯಿಲ್ಲ. ಅಕ್ಕಿ ಬಂದ ಮೇಲೂ ಉದ್ದನ್ನು ಯಾರೂ ಬಿಡಲಿಲ್ಲ. ಕಡಲೆಯೋ ಹೆಸರೋ ಯಾಕಾಗಲಿಲ್ಲ?

ಇದನ್ನು ಹಟ ಹಿಡಿದು ಕೆದಕಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಎನ್. ಎಸ್. ಸುಶೀಲಮ್ಮ ಮತ್ತು ಎಂ. ವಿ. ಎಲ್. ರಾವ್. ಅದಕ್ಕೂ ಮೊದಲು, 1965ರಲ್ಲಿ, ಹಿಟ್ಟು ಉಬ್ಬಿಸುವ ಕೆಲಸ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾದ್ದು ಎಂದು ವಿಜ್ಞಾನಿಗಳು ಬರೆದಿದ್ದರು. ಅಂದಿನಿಂದ ಹೊಗಳಿಕೆಯೆಲ್ಲ ಅದಕ್ಕೇ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಗಾಳಿ ತುಂಬುವವರು ಬೇಕಾದಷ್ಟು ಮಂದಿ ಇರುತ್ತಾರೆ. ತುಂಬಿದ್ದನ್ನು ಹಿಡಿದಿಡುವವರು ಬೇಡವೇ? 1974ರಿಂದ 1979ರವರೆಗೆ ಸುಶೀಲಮ್ಮ ಮತ್ತು ರಾವ್ ಬರೆದ ಪ್ರಬಂಧಗಳಲ್ಲಿ ಉತ್ತರ ಎರಡು ಭಾಗದಲ್ಲಿದೆ. ಉದ್ದಿನ ಗ್ಲಾಬ್ಯುಲಿನ್ ಪ್ರೋಟೀನು ನೊರೆ ಎಬ್ಬಿಸುತ್ತದೆ. ಆದರೆ ನೊರೆಯನ್ನು ಹಬೆಗೆ ಇಟ್ಟರೆ ಒಡೆದುಹೋಗಬೇಕಲ್ಲ? ಅದನ್ನು ತಡೆಯುವುದು ಅರಾಬಿನೊಗ್ಯಾಲಕ್ಟನ್ ಎಂಬ ಪಾಲಿಸ್ಯಾಕರೈಡ್. ಅರಾಬಿನೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಸರಪಳಿ ಕಟ್ಟಿಕೊಂಡ ಈ ವಸ್ತುವೇ ಅಕ್ಕ ತೋರಿಸಿದ ಲೋಳೆ. ಗುಳ್ಳೆಯ ಗೋಡೆ ಬಿಸಿಗೆ ಹರಿಯದಂತೆ ಅದು ಕಾಯುತ್ತದೆ. ಅಷ್ಟರಲ್ಲಿ ಅಕ್ಕಿಯ ಪಿಷ್ಟ ಬೆಂದು ಗಟ್ಟಿಯಾಗಿರುತ್ತದೆ. ಇಡ್ಲಿ ಮುರಿದಾಗ ಕಾಣುವ ಸಣ್ಣ ಸಣ್ಣ ತೂತುಗಳೆಲ್ಲ ಒಡೆಯದೆ ಉಳಿದ ಗುಳ್ಳೆಗಳು.

ಉಡುಪಿ ಇಡ್ಲಿಯ ಬಗ್ಗೆ ಊರೂರಿನ ಹೋಟೆಲಿನವರು ಬೋರ್ಡು ಬರೆಸಿದ್ದಾರೆ. ಸುಶೀಲಮ್ಮನವರ ಹೆಸರು ಒಂದರಲ್ಲೂ ಕಂಡಿಲ್ಲ.

ಈ ಲೋಳೆಯ ನೆಂಟಸ್ತನ ದೊಡ್ಡದು. ಮೆಂತೆ ನೆನೆದಾಗ ಬರುವುದು, ಬಸಳೆ ಬೆಂದಾಗ ಬರುವುದು, ತಲೆಗೆ ಹಾಕುವ ದಾಸವಾಳದೆಲೆಯ ತಾಳಿ, ಪಾಯಸಕ್ಕಿಂತ ಪುಡ್ಡಿಂಗ್ ಮೇಲೆನ್ನುವ ಮಕ್ಕಳಿಗಾಗಿ ಕರಗಿಸುವ ಚೈನಾ ಗ್ರಾಸ್. ಕೊನೆಯದು ಕಡಲಪಾಚಿಯ ಅಗಾರ್. ಜೆಲಾಟಿನ್ ಇದ್ದಲ್ಲಿ ದನದ್ದೋ ಹಂದಿಯದ್ದೋ ಚರ್ಮ, ಮೂಳೆ ಬೇಯುತ್ತದೆ. ಅಗಾರ್ ಇದ್ದಲ್ಲಿ ಯಾವ ಪ್ರಾಣಿಯೂ ಬೇಯಬೇಕಿಲ್ಲ. ಕಾರ್ಕಳದ ನನ್ನ ಜೈನ ಗೆಳೆಯನಿಗೆ ಮಣಿಪಾಲದ ಔಷಧದಂಗಡಿಯಲ್ಲಿ ಕೇಳಲು ಪ್ರಶ್ನೆ ಒಂದೇ: "ಕ್ಯಾಪ್ಸೂಲಿನ ಕವಚ ಯಾವುದರದ್ದು?" ಜೆಲಾಟಿನದ್ದಲ್ಲ, ಸೆಲ್ಯುಲೋಸಿನದ್ದೆಂದರೆ ಮಾತ್ರ ಅವನ ಮುಖ ಅರಳುತ್ತದೆ. ಸೆಲ್ಯುಲೋಸೂ ಪಾಲಿಸ್ಯಾಕರೈಡೇ. ಪ್ರಾಣಿದಯೆಗೆ ಭಾಷಣಕ್ಕಿಂತ ಇಂಥ ಸಸ್ಯದ ಅಂಟುಗಳೇ ಹೆಚ್ಚು ಕೆಲಸ ಮಾಡಿವೆ ಎಂದು ನನಗೆ ಅನ್ನಿಸುವುದುಂಟು, ಗೆಳೆಯ ಒಪ್ಪುವುದಿಲ್ಲ.

ಮರುದಿನ ಮತ್ತೆ ಕಾಪುವಿಗೆ ಹೋದೆ. ಅಕ್ಕ ಕೇದಗೆಯ ಓಲಿ ಬಿಡಿಸಿ, ಹಸಿರು ವಾಸನೆಯ ಮೂಡೆಯನ್ನು ತುಂಡು ಮಾಡಿ, ಮೇಲೆ ತೆಂಗಿನೆಣ್ಣೆ ಬಿಟ್ಟರು. ಅರಾಬಿನೊಗ್ಯಾಲಕ್ಟನ್ ಕಥೆ ಹೇಳಿದೆ. "ಅಷ್ಟು ಉದ್ದದ ಹೆಸರಾ ಅದಕ್ಕೆ?" ಎಂದು ನಕ್ಕು, ಗ್ರೈಂಡರ್ ತೊಳೆದ ನೀರನ್ನು ಅಕ್ಕಚ್ಚಿನ ಬಾಲ್ದಿಗೆ ಸುರಿದರು. ಹಟ್ಟಿಯ ದನ ಬಾಲ್ದಿಯ ಅಂಚಿಗಂಟಿದ ಲೋಳೆಯನ್ನೂ ಬಿಡದೆ ನೆಕ್ಕಿತು.