ಸರ್ಕಾರವೇ ರೈಲುಮಾರ್ಗ ಕಟ್ಟಿದಾಗ: ಅಲಾಸ್ಕಾ ಎಂಜಿನಿಯರಿಂಗ್ ಆಯೋಗದ ಲೆಕ್ಕಾಚಾರ

ಮೂಲಸೌಕರ್ಯ ನಿರ್ಮಾಣವು ಸರ್ಕಾರದ ಹೊಣೆಯೋ ಖಾಸಗಿ ಬಂಡವಾಳದ ಹೊಣೆಯೋ ಎಂಬ ಚರ್ಚೆ ವಾಣಿಜ್ಯ ವಲಯದಲ್ಲಿ ಮೇಲಿಂದ ಮೇಲೆ ಏಳುತ್ತಿರುತ್ತದೆ. ಖಾಸಗಿ ಉದ್ಯಮದ ತವರೂರೆಂದು ಹೆಸರಾದ ಅಮೆರಿಕ ಸಂಯುಕ್ತ ಸಂಸ್ಥಾನವೇ ಒಮ್ಮೆ ತನ್ನ ಅತ್ಯಂತ ದುರ್ಗಮ ಪ್ರದೇಶದಲ್ಲಿ ಸ್ವತಃ ರೈಲುಮಾರ್ಗ ಕಟ್ಟಿ, ಆರು ದಶಕಗಳಿಗೂ ಹೆಚ್ಚು ಕಾಲ ತಾನೇ ನಡೆಸಿತು. ಅದರ ಆಯವ್ಯಯದ ಇತಿಹಾಸವು ಈ ಚರ್ಚೆಯ ಎರಡೂ ಪಕ್ಷದವರಿಗೆ ಉಪಯುಕ್ತವಾಗಬಲ್ಲದು.

ಮೊದಲು ಪ್ರಯತ್ನಿಸಿದವರು ಖಾಸಗಿಯವರೇ. 20ನೆಯ ಶತಮಾನದ ಆರಂಭದಲ್ಲಿ ಅಲಾಸ್ಕಾ ಸೆಂಟ್ರಲ್ ಎಂಬ ಕಂಪನಿಯು ಸೀವರ್ಡ್ ಬಂದರಿನಿಂದ ಒಳನಾಡಿನತ್ತ ಹಳಿ ಹಾಕಲು ಆರಂಭಿಸಿ, ಸುಮಾರು 50 ಮೈಲಿ ಮುಗಿಯುವಷ್ಟರಲ್ಲಿ ದಿವಾಳಿಯೆದ್ದಿತು. ಅದರ ಆಸ್ತಿಯನ್ನು ವಹಿಸಿಕೊಂಡ ಅಲಾಸ್ಕಾ ನಾರ್ದರ್ನ್ ಕಂಪನಿ 71ನೆಯ ಮೈಲಿಯವರೆಗೆ ಹೋಗಿ ನಿಂತಿತು. ಇದಕ್ಕೆ ಹಿಮವನ್ನಷ್ಟೇ ದೂರುವುದು ಸರಿಯಲ್ಲ. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅಲಾಸ್ಕಾದ ಕಲ್ಲಿದ್ದಲು ಭೂಮಿಗಳನ್ನು ಖಾಸಗಿ ಹಕ್ಕು ಸ್ಥಾಪನೆಯಿಂದ ಹಿಂತೆಗೆದುಕೊಂಡರು. ರೈಲಿಗೆ ಮುಖ್ಯ ಸರಕಾಗಬೇಕಿದ್ದುದೂ, ಎಂಜಿನ್‌ಗೆ ಇಂಧನವಾಗಬೇಕಿದ್ದುದೂ ಅದೇ ಕಲ್ಲಿದ್ದಲು! ಇದರ ಮೇಲೆ ಮೈಲಿಯೊಂದಕ್ಕೆ ವರ್ಷಕ್ಕೆ 100 ಡಾಲರ್ ಪರವಾನಗಿ ತೆರಿಗೆ ಬೇರೆ. ವರಮಾನದ ಮೂಲವನ್ನು ಮುಚ್ಚಿ ತೆರಿಗೆಯನ್ನು ಮಾತ್ರ ಉಳಿಸಿದರೆ ಯಾವ ಕಂಪನಿಯ ಆಸ್ತಿ-ಹೊಣೆ ಪಟ್ಟಿ ತಾನೇ ಸರಿದೂಗೀತು?

ಖಾಸಗಿಯವರಲ್ಲಿ ಗೆದ್ದವರೂ ಇದ್ದರು. ಮಾರ್ಗನ್ ಮತ್ತು ಗುಗೆನ್‌ಹೈಮ್ ಮನೆತನಗಳ ಕೂಟವು ಕಾರ್ಡೋವಾ ಬಂದರಿನಿಂದ ಕೆನೆಕಾಟ್ ತಾಮ್ರದ ಗಣಿಗಳವರೆಗೆ 196 ಮೈಲಿಯ ಮಾರ್ಗವನ್ನು 1911ರಲ್ಲಿ ಪೂರ್ಣಗೊಳಿಸಿತು. ಆದರೆ ಗಣಿ, ರೈಲು, ಹಡಗು ಮೂರೂ ಒಂದೇ ಕೂಟದ ಕೈಯಲ್ಲಿದ್ದುದರಿಂದ ಜನರಲ್ಲಿ ಏಕಸ್ವಾಮ್ಯದ ಭೀತಿ ಹುಟ್ಟಿತು. ಒಂದೆಡೆ ಸೋತ ಕಂಪನಿ, ಇನ್ನೊಂದೆಡೆ ಅತಿಯಾಗಿ ಗೆದ್ದ ಕೂಟ. ಇವೆರಡರ ನಡುವೆ ಸರ್ಕಾರವೇ ಕಣಕ್ಕಿಳಿಯುವ ವಿಚಾರ ಬಲಗೊಂಡಿತು.

1914ರ ಮಾರ್ಚ್ 12ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಅಲಾಸ್ಕಾ ರೈಲ್ವೆ ಕಾಯಿದೆಗೆ ಸಹಿ ಹಾಕಿದರು. 1000 ಮೈಲಿಗೆ ಮೀರದ ಮಾರ್ಗ, 3.5 ಕೋಟಿ ಡಾಲರ್‌ಗೆ ಮೀರದ ವೆಚ್ಚ ಎಂಬುದು ಅದರ ಮಿತಿ. ಬ್ರಿಟಿಷ್ ಆಡಳಿತದ ಭಾರತದಲ್ಲಿ ಖಾಸಗಿ ರೈಲು ಕಂಪನಿಗಳ ಬಂಡವಾಳಕ್ಕೆ ಶೇ. 5ರ ಬಡ್ಡಿಯ ಖಾತರಿ ಕೊಟ್ಟು, ನಷ್ಟವನ್ನು ತೆರಿಗೆದಾರರ ತಲೆಗೆ ಕಟ್ಟಿದ ಪದ್ಧತಿಯನ್ನು ವಾಚಕರು ಬಲ್ಲರು. ಅಮೆರಿಕವು ಇಲ್ಲಿ ಆ ದಾರಿ ಹಿಡಿಯದೆ ನೇರ ನಿರ್ಮಾಣವನ್ನೇ ಆರಿಸಿಕೊಂಡಿತು. ಅದಕ್ಕಾಗಿ ರಚಿತವಾದುದೇ ಅಲಾಸ್ಕಾ ಎಂಜಿನಿಯರಿಂಗ್ ಆಯೋಗ. ಸದಸ್ಯರು ಮೂವರೇ: ವಿಲಿಯಂ ಎಡೀಸ್, ಫ್ರೆಡರಿಕ್ ಮಿಯರ್ಸ್, ಥಾಮಸ್ ರಿಗ್ಸ್. ಮಿಯರ್ಸ್ ಪನಾಮಾದಲ್ಲಿ ರೈಲುಮಾರ್ಗದ ಕೆಲಸ ಮಾಡಿದವರು. ರಿಗ್ಸ್ ಅಲಾಸ್ಕಾ-ಕೆನಡಾ ಗಡಿಯ ಸರ್ವೆಯಲ್ಲಿ ಪಳಗಿದವರು. ಪನಾಮಾ ಕಾಲುವೆಯಲ್ಲಿ ಕೆಲಸ ಮುಗಿಸಿದ್ದ ಎಂಜಿನ್‌ಗಳೂ ಯಂತ್ರಗಳೂ ಅಲಾಸ್ಕಾಕ್ಕೆ ಬಂದವು.

1915ರ ಏಪ್ರಿಲ್‌ನಲ್ಲಿ ವಿಲ್ಸನ್ ಸೀವರ್ಡ್‌ನಿಂದ ಫೇರ್‌ಬ್ಯಾಂಕ್ಸ್‌ವರೆಗಿನ ಮಾರ್ಗವನ್ನು ಆರಿಸಿದರು. ನಿಂತುಹೋಗಿದ್ದ ಅಲಾಸ್ಕಾ ನಾರ್ದರ್ನ್ ಮಾರ್ಗವನ್ನು ಸುಮಾರು 11.5 ಲಕ್ಷ ಡಾಲರ್‌ಗೆ ಖರೀದಿಸಲಾಯಿತು. ಶಿಪ್ ಕ್ರೀಕ್ ಎಂಬ ಹೊಳೆಯ ದಡದಲ್ಲಿ ಕೆಲಸ ಹುಡುಕಿ ಬಂದವರ ಡೇರೆಗಳ ಊರೊಂದು ತಲೆಯೆತ್ತಿತು. ಅದೇ ಜುಲೈನಲ್ಲಿ ಅಲ್ಲಿ 655 ನಿವೇಶನಗಳನ್ನು ಹರಾಜು ಹಾಕಿದಾಗ ಸುಮಾರು 1.5 ಲಕ್ಷ ಡಾಲರ್ ಬಂದಿತು. ಮದ್ಯ, ಜೂಜು, ವೇಶ್ಯಾವಾಟಿಕೆ ಕಂಡುಬಂದರೆ ನಿವೇಶನ ಮುಟ್ಟುಗೋಲು ಎಂಬುದು ಮಾರಾಟದ ಷರತ್ತು. ಇಂದಿನ ಆಂಕರೇಜ್ ನಗರದ ಮೂಲ ಇದೇ. 1920ರಲ್ಲಿ ಪೌರಾಡಳಿತ ಸ್ಥಾಪನೆಯಾಗುವವರೆಗೆ ರೈಲು ಕಟ್ಟಬೇಕಾದ ಆಯೋಗವೇ ಊರಿನ ನೀರು, ವಿದ್ಯುತ್ತು, ದೂರವಾಣಿ, ಆಸ್ಪತ್ರೆಗಳನ್ನೂ ನೋಡಿಕೊಂಡಿತು.

ಕೂಲಿಯವನೇ ಪಾಲುದಾರ

ಲೆಕ್ಕಪರಿಶೋಧಕನ ಕಣ್ಣಿಗೆ ಅತ್ಯಂತ ಸ್ವಾರಸ್ಯಕರವಾಗಿ ತೋರುವುದು ಆಯೋಗದ ಕೆಲಸ ಹಂಚಿಕೆಯ ಪದ್ಧತಿ. ದೊಡ್ಡ ಗುತ್ತಿಗೆದಾರರನ್ನು ನೆಚ್ಚಿಕೊಳ್ಳುವ ಬದಲು, ನೆಲ ಸಮಗೊಳಿಸುವ ಕಾಮಗಾರಿಯ ಬಹುಭಾಗವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಕಾರ್ಮಿಕರ ಗುಂಪುಗಳಿಗೇ ಕೊಡಲಾಗುತ್ತಿತ್ತು. ನೂರಡಿಯ ಅಳತೆಗೆ 'ಸ್ಟೇಷನ್' ಎಂದು ಹೆಸರಿದ್ದುದರಿಂದ ಇವರನ್ನು ಸ್ಟೇಷನ್‌ಮನ್ ಎಂದು ಕರೆದರು. ಎಂಜಿನಿಯರ್ ಅಳೆದು, ಮಣ್ಣಿಗೆ ಇಷ್ಟು, ಬಂಡೆಗೆ ಇಷ್ಟು ಎಂದು ಘನಗಜದ ದರ ಗೊತ್ತುಪಡಿಸುವನು. ಸಲಕರಣೆ, ಆಹಾರ ಸಾಮಗ್ರಿಗಳನ್ನು ಆಯೋಗವು ಸಾಲವಾಗಿ ಒದಗಿಸಿ ಅಂತಿಮ ಬಿಲ್ಲಿನಲ್ಲಿ ಮುರಿದುಕೊಳ್ಳುವುದು. ಉಳಿದುದು ಗುಂಪಿನವರಿಗೆ ಪಾಲು. ಮೇಲ್ವಿಚಾರಣೆಯ ವೆಚ್ಚ ಕಡಿಮೆ, ಮಧ್ಯವರ್ತಿಯ ಲಾಭಾಂಶ ಶೂನ್ಯ. ಆದರೆ ನೆಲ ಅಂದಾಜಿಗಿಂತ ಗಟ್ಟಿಯಾಗಿದ್ದರೆ ನಷ್ಟದ ಹೊರೆ ಬಡ ಕಾರ್ಮಿಕನದೇ. ಈ ಕೊನೆಯ ಅಂಶವನ್ನು ಪದ್ಧತಿಯನ್ನು ಹೊಗಳುವವರು ಮರೆಯಬಾರದು.

1917ರಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಕಾರ್ಮಿಕರು ದಕ್ಷಿಣಕ್ಕೆ ಮರಳಿದರು, ಉಕ್ಕಿನ ಬೆಲೆ ಏರಿತು, ಮಿಯರ್ಸ್ ಸ್ವತಃ ಸೇನೆ ಸೇರಿ ಫ್ರಾನ್ಸಿಗೆ ಹೋದರು. ಅವರು 1919ರಲ್ಲಿ ಮರಳಿ ಆಯೋಗದ ಮುಖ್ಯಸ್ಥರಾಗುವ ಹೊತ್ತಿಗೆ ಮೂಲ ಅನುದಾನ ಸಾಲದಾಗಿತ್ತು, ಮಿತಿಯನ್ನು 5.2 ಕೋಟಿ ಡಾಲರ್‌ಗೆ ಏರಿಸಬೇಕಾಯಿತು. ಹರಿಕೇನ್ ಗಲ್ಚ್ ಕಂದರದ ಮೇಲೆ 296 ಅಡಿ ಎತ್ತರದ ಸೇತುವೆ 1921ರಲ್ಲಿಯೂ, ನೆನಾನಾದಲ್ಲಿ ತನಾನಾ ನದಿಯ ಮೇಲೆ 700 ಅಡಿಯ ಒಂದೇ ಅಂಕಣದ ಉಕ್ಕಿನ ಸೇತುವೆ 1923ರಲ್ಲಿಯೂ ಮುಗಿದವು. 1923ರ ಜುಲೈ 15ರಂದು ಅಧ್ಯಕ್ಷ ವಾರೆನ್ ಹಾರ್ಡಿಂಗ್ ನೆನಾನಾದಲ್ಲಿ ಚಿನ್ನದ ಮೊಳೆ ಹೊಡೆದರು. ಮಾರ್ಗದ ಉದ್ದ ಸುಮಾರು 470 ಮೈಲಿ. ವೆಚ್ಚ 6 ಕೋಟಿ ಡಾಲರ್‌ಗಳ ಆಸುಪಾಸು.

ಲಾಭ-ನಷ್ಟ

ಮಾರ್ಗ ಮುಗಿಯಿತು, ಸರಕು ಎಲ್ಲಿ? 1910ರಲ್ಲಿ 64,356 ಇದ್ದ ಅಲಾಸ್ಕಾದ ಜನಸಂಖ್ಯೆ 1920ರಲ್ಲಿ 55,036ಕ್ಕೆ ಇಳಿದಿತ್ತು. ಮಟನುಸ್ಕಾ ಕಲ್ಲಿದ್ದಲಿನ ದೊಡ್ಡ ಗಿರಾಕಿಯಾಗಬೇಕಿದ್ದ ನೌಕಾಪಡೆಯು ಅಷ್ಟರಲ್ಲಿ ತೈಲದತ್ತ ತಿರುಗಿತ್ತು. ಹೂಡಿಕೆಗೆ ಶೇ. 4ರ ಬಡ್ಡಿ ಹಿಡಿದರೂ ವರ್ಷಕ್ಕೆ 24 ಲಕ್ಷ ಡಾಲರ್ ಆಗುತ್ತದೆ. ಆ ಮಾತಿರಲಿ, ನಡೆಸುವ ಖರ್ಚೇ ಹುಟ್ಟುತ್ತಿರಲಿಲ್ಲ. 1928ರಲ್ಲಿ ವ್ಯವಸ್ಥಾಪಕರಾಗಿ ಬಂದ ಆಟೊ ಓಲ್ಸನ್ ಖರ್ಚು ಕಡಿತಗೊಳಿಸಿ, ದರ ಏರಿಸಿ, ಜನರ ಸಿಟ್ಟನ್ನೂ ಗಳಿಸಿ, 1938ರಲ್ಲಿ ಮೊದಲ ಲಾಭ ತೋರಿಸಿದರು. ಅದೇ ವರ್ಷ, ಅದಿರು ತೀರಿದ ಕಾರಣ, ಕಾರ್ಡೋವಾದ ಖಾಸಗಿ ಮಾರ್ಗ ಮುಚ್ಚಿತು. ಆ ಕೂಟವು ತನ್ನ ಬಂಡವಾಳವನ್ನು ಲಾಭಸಮೇತ ಹಿಂಪಡೆದಿತ್ತು; ಹಳಿಯನ್ನು ಉಳಿಸುವ ಅಗತ್ಯ ಅದಕ್ಕಿರಲಿಲ್ಲ. ಸರ್ಕಾರದ ಮಾರ್ಗವಾದರೋ ಎರಡನೆಯ ಮಹಾಯುದ್ಧದಲ್ಲಿ ಸೇನಾ ಸಾಮಗ್ರಿ ಸಾಗಿಸಿತು, 1964ರ ಭೀಕರ ಭೂಕಂಪವನ್ನೂ ದಾಟಿತು. ಎರಡು ಮಾರ್ಗಗಳ ಲಾಭ-ನಷ್ಟ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟರೆ ಖಾಸಗಿಯದೇ ಮೇಲು. ಪಟ್ಟಿಯ ಹೊರಗೆ ಉಳಿದ ಊರುಗಳನ್ನು ಎಣಿಸಿದರೆ ತೀರ್ಪು ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

1985ರ ಜನವರಿಯಲ್ಲಿ ಒಕ್ಕೂಟ ಸರ್ಕಾರವು ಇದನ್ನು ಅಲಾಸ್ಕಾ ರಾಜ್ಯಕ್ಕೆ 2.23 ಕೋಟಿ ಡಾಲರ್‌ಗೆ ಮಾರಿತು. ಮೂಲ ವೆಚ್ಚದ ಅರ್ಧಕ್ಕಿಂತಲೂ ಕಡಿಮೆ, ಅದೂ ಆರು ದಶಕಗಳ ಹಣದುಬ್ಬರವನ್ನು ಕಳೆಯದೆ. ಆದರೆ ಹಳಿಗಳೊಂದಿಗೆ ವಿಶಾಲವಾದ ಭೂಮಿಯೂ ಹಸ್ತಾಂತರವಾಯಿತು. ಆ ಭೂಮಿಯ ಗುತ್ತಿಗೆ ಬಾಡಿಗೆಯು ರಾಜ್ಯದ ಅಲಾಸ್ಕಾ ರೈಲುರಸ್ತೆ ನಿಗಮಕ್ಕೆ ಸರಕು ಮತ್ತು ಪ್ರವಾಸಿ ಸಂಚಾರದ ಜೊತೆಗೆ ಮುಖ್ಯ ಆದಾಯಗಳಲ್ಲೊಂದಾಗಿದೆ.