ಇಳಿವಯಸ್ಸಿನಲ್ಲಿ ಮೂತ್ರಪಿಂಡಗಳ ರಕ್ಷಣೆ

ಶರೀರದ ಅವಯವಗಳಲ್ಲಿ ಹಲವು ತಮ್ಮ ಕಷ್ಟವನ್ನು ಬೇಗನೆ ತಿಳಿಸುತ್ತವೆ. ಹಲ್ಲು ನೋಯುತ್ತದೆ, ಮೊಣಕಾಲು ಹಿಡಿಯುತ್ತದೆ, ಕಣ್ಣು ಮಂಜಾಗುತ್ತದೆ. ಮೂತ್ರಪಿಂಡಗಳ ಸ್ವಭಾವ ಬೇರೆ. ತಮ್ಮ ಶಕ್ತಿಯ ಬಹುಭಾಗವನ್ನು ಕಳೆದುಕೊಳ್ಳುವವರೆಗೂ ಅವು ಮೌನವಾಗಿಯೇ ದುಡಿಯುತ್ತವೆ. ಕಾಲು ಬಾತು, ಮುಖ ಊದಿ, ಊಟ ಬೇಡವಾಗುವ ಹೊತ್ತಿಗೆ ರೋಗವು ಬಹುದೂರ ಸಾಗಿರುವುದುಂಟು. ಆದುದರಿಂದ ಇವುಗಳ ರಕ್ಷಣೆಯು ರೋಗಲಕ್ಷಣ ಕಂಡ ಮೇಲೆ ಆರಂಭವಾಗತಕ್ಕದ್ದಲ್ಲ. ಆರೋಗ್ಯವಿರುವಾಗಲೇ ದಿನಚರಿಯಲ್ಲಿ ಸೇರಿರಬೇಕಾದದ್ದು.

ಬೆನ್ನೆಲುಬಿನ ಎರಡೂ ಪಕ್ಕಗಳಲ್ಲಿ ಮುಷ್ಟಿಯಷ್ಟು ಗಾತ್ರದ ಒಂದೊಂದು ಮೂತ್ರಪಿಂಡವಿದೆ. ಪ್ರತಿಯೊಂದರಲ್ಲಿಯೂ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೂಕ್ಷ್ಮ ಘಟಕಗಳಿರುತ್ತವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ವಯಸ್ಸು ಏರಿದಂತೆ ನೆಫ್ರಾನ್‌ಗಳ ಸಂಖ್ಯೆ ಕುಗ್ಗುತ್ತದೆ. ನಷ್ಟವಾದವುಗಳ ಸ್ಥಾನದಲ್ಲಿ ಹೊಸವು ಹುಟ್ಟುವುದಿಲ್ಲ. ಇದು ಸಹಜ ಕ್ರಿಯೆಯೇ ಸರಿ. ಉಳಿದ ಬಂಡವಾಳವನ್ನು ಜೋಪಾನ ಮಾಡಿದವರಿಗೆ ಅದು ಜೀವಮಾನಕ್ಕೆ ಸಾಕಾಗುತ್ತದೆ.

ಆ ಬಂಡವಾಳವನ್ನು ಕರಗಿಸುವ ಮುಖ್ಯ ಶತ್ರುಗಳು ಎರಡು: ಮಧುಮೇಹ ಮತ್ತು ಏರಿದ ರಕ್ತದೊತ್ತಡ. ನೆಫ್ರಾನಿನ ಸೋಸುಭಾಗವು ಕೂದಲಿಗಿಂತ ಸಣ್ಣ ರಕ್ತನಾಳಗಳ ಗೊಂಚಲು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಒತ್ತಡ ಹೆಚ್ಚಿದ್ದರೂ ಈ ನಾಳಗಳು ವರ್ಷಾನುಗಟ್ಟಲೆ ಪೆಟ್ಟು ತಿಂದು ಗಡುಸಾಗುತ್ತವೆ. ಈಗ ಆರಾಮವಿದೆಯೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಹಿರಿಯರಲ್ಲಿ ಕಂಡುಬರುವ ದೊಡ್ಡ ತಪ್ಪು. ಆರಾಮವಿರುವುದು ಮಾತ್ರೆಯ ಫಲವೆಂಬುದನ್ನು ಮರೆಯಬಾರದು. ನಿತ್ಯವೂ ಶಕ್ತ್ಯನುಸಾರ ನಡಿಗೆ, ಮಿತವಾದ ಊಟ, ತಂಬಾಕಿನ ಸಂಪೂರ್ಣ ತ್ಯಾಗ ಇವು ಔಷಧಿಗೆ ಬೆಂಬಲ ಕೊಡುತ್ತವೆ.

ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚದಷ್ಟು. ಸಾರು ಪಲ್ಯಗಳಲ್ಲಿಯೇ ಅದರ ಬಹುಪಾಲು ಮುಗಿದಿರುತ್ತದೆ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ಸೇರಿದರೆ ಮಿತಿ ತಾನಾಗಿಯೇ ಮೀರುತ್ತದೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡ ದುರ್ಬಲವಾದವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಹೆಚ್ಚಿನ ಎಚ್ಚರ ಬೇಕಾದದ್ದು ನೋವಿನ ಮಾತ್ರೆಗಳ ಬಗ್ಗೆ. ಮಂಡಿನೋವಿಗೆಂದು ಔಷಧದಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮೊದಲಾದವು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಯುವಕರ ಶರೀರವು ಇದನ್ನು ತಡೆದುಕೊಂಡೀತು. ವಾಂತಿಭೇದಿಯಿಂದ ನೀರು ಕಳೆದುಕೊಂಡ ವೃದ್ಧರಲ್ಲಿ, ಅದರಲ್ಲಿಯೂ ಒತ್ತಡದ ಔಷಧಿ ತೆಗೆದುಕೊಳ್ಳುವವರಲ್ಲಿ, ಕೆಲವೇ ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಸಂಭವವುಂಟು. ಗಿಡಮೂಲಿಕೆಗಳೆಲ್ಲ ನಿರಪಾಯವೆಂಬ ನಂಬಿಕೆಯೂ ಸರಿಯಲ್ಲ. ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ನಾಶಗೊಳಿಸುವುದೆಂದು ಸಿದ್ಧಪಟ್ಟಿದೆ.

ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಮಂದವಾಗುತ್ತದೆ. ರಾತ್ರಿ ಏಳಬೇಕಾದೀತೆಂಬ ಅಂಜಿಕೆಯಿಂದ ನೀರನ್ನೇ ಕಡಿಮೆ ಮಾಡುವವರೂ ಇದ್ದಾರೆ. ಹಗಲಿನಲ್ಲಿ ಆಗಾಗ ನೀರು ಕುಡಿದು ಸಂಜೆಯ ನಂತರ ಕಡಿಮೆ ಮಾಡುವುದು ಲೇಸು. ಆದರೆ ಹೃದ್ರೋಗವುಳ್ಳವರಿಗೂ ಮೂತ್ರಪಿಂಡ ಕೆಟ್ಟವರಿಗೂ ನೀರಿನ ಅಳತೆ ಬೇರೆ. ಪೊಟ್ಯಾಸಿಯಂ ಅಧಿಕವಾಗಿರುವುದರಿಂದ ಎಳನೀರು ಕೂಡ ಅಂಥವರಿಗೆ ಅಪಾಯ ತರಬಲ್ಲದು.

ಮೌನವಾದ ರೋಗವನ್ನು ಮಾತನಾಡಿಸುವ ಉಪಾಯವೂ ಇದೆ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಎಂಬವರು ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿ, ಅದು ಹೆಪ್ಪುಗಟ್ಟುವುದನ್ನು ಕಂಡು ಆಲ್ಬುಮಿನ್ ಸೋರುತ್ತಿದೆಯೆಂದು ಗುರುತಿಸುತ್ತಿದ್ದರು. ಮೈ ಬಾವಿಗೂ ಈ ಸೋರಿಕೆಗೂ ಮೂತ್ರಪಿಂಡದ ರೋಗಕ್ಕೂ ಇರುವ ಸಂಬಂಧವನ್ನು 1827ರಲ್ಲಿ ಪ್ರಕಟಿಸಿದರು. ಇಂದು ಅದೇ ಸೋರಿಕೆಯನ್ನು ಪ್ರಯೋಗಾಲಯಗಳು ಬಹು ಸೂಕ್ಷ್ಮವಾಗಿ ಅಳೆಯುತ್ತವೆ. ಇದರೊಡನೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೂ ಅಗತ್ಯ. ಮಾಂಸಖಂಡ ಕ್ಷೀಣಿಸಿದ ವೃದ್ಧರಲ್ಲಿ ಕ್ರಿಯಾಟಿನಿನ್ ಸರಿಯಾಗಿರುವಂತೆ ತೋರಿ ಮೋಸಮಾಡಬಹುದಾದ್ದರಿಂದ, ವಯಸ್ಸನ್ನೂ ಲೆಕ್ಕಹಿಡಿದು ಸೋಸುವ ವೇಗವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು. ಮಧುಮೇಹ, ರಕ್ತದೊತ್ತಡಗಳುಳ್ಳವರು ವರ್ಷಕ್ಕೊಮ್ಮೆಯಾದರೂ ಈ ಎರಡು ಪರೀಕ್ಷೆಗಳನ್ನು ತಪ್ಪಿಸಬಾರದು.

1945ರಲ್ಲಿ ನೆದರ್ಲೆಂಡ್ಸಿನ ವಿಲೆಮ್ ಕೋಲ್ಫ್ ಅವರ ಕೃತಕ ಮೂತ್ರಪಿಂಡ ಯಂತ್ರದಿಂದ ಮೊದಲು ಬದುಕಿ ಉಳಿದವರು 67 ವರ್ಷದ ವೃದ್ಧೆ. ವಿಜ್ಞಾನದ ಈ ಉಪಕಾರ ದೊಡ್ಡದು. ಆದರೂ ವಾರಕ್ಕೆ ಎರಡು ಮೂರು ಸಲ ಗಂಟೆಗಟ್ಟಲೆ ಯಂತ್ರಕ್ಕೆ ಮೈಯೊಡ್ಡುವ ಬಾಳು ರೋಗಿಗೂ ಮನೆಯವರಿಗೂ ಸುಲಭವಲ್ಲ. ಮಿತವಾದ ಉಪ್ಪು, ತಪ್ಪದ ಮಾತ್ರೆ, ವೈದ್ಯರನ್ನು ಕೇಳದೆ ನುಂಗದ ನೋವಿನ ಗುಳಿಗೆ, ವರ್ಷಕ್ಕೊಂದು ಪರೀಕ್ಷೆ ಇವು ಅಲ್ಪವೆಂದು ತೋರುತ್ತವೆ. ಮುಪ್ಪಿನ ದಿನಗಳು ಆಸ್ಪತ್ರೆಯಲ್ಲಿ ಕಳೆಯದೆ ಮೊಮ್ಮಕ್ಕಳ ನಡುವೆ ಸಾಗುವುದು ಬಹುಮಟ್ಟಿಗೆ ಈ ಅಲ್ಪ ನಿಯಮಗಳನ್ನೇ ಅವಲಂಬಿಸಿದೆ.