ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ: ಮೆದುಳಿನ ಗಡ್ಡೆ ತೆಗೆಯುವ ಬಗೆ

ಮೆದುಳಿನ ಆಪರೇಷನ್ನಿಗೆ ಹೊರಡುವ ಮುಳಬಾಗಿಲಿನ ಮನೆಯವರಿಗೆ ಬಹುಕಾಲದಿಂದ ಎರಡು ದಾರಿಗಳಿವೆ. ಪಶ್ಚಿಮಕ್ಕೆ ಹೊರಟರೆ ಕೋಲಾರ, ಹೊಸಕೋಟೆ ದಾಟಿ ಬೆಂಗಳೂರಿನ ನಿಮ್ಹಾನ್ಸ್. ಪೂರ್ವಕ್ಕೆ ಹೊರಟರೆ ಚಿತ್ತೂರು ದಾಟಿ ವೆಲ್ಲೂರಿನ ಸಿಎಂಸಿ. ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಶುರುವಾದದ್ದು ವೆಲ್ಲೂರಿನಲ್ಲೇ, 1949ರಲ್ಲಿ. ಅದನ್ನು ಕಟ್ಟಿದ ಡಾ. ಜೇಕಬ್ ಚಾಂಡಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅವರ ಬಳಿ ಪಳಗಿ ಬಂದವರು. ಮುಂದಿನ ದಶಕದಲ್ಲಿ ಡಾ. ಆರ್. ಎಂ. ವರ್ಮ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಈ ವಿಭಾಗಕ್ಕೆ ಬುನಾದಿ ಹಾಕಿದರು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು.

ಯಾವ ದಾರಿ ಹಿಡಿದರೂ ಮನೆಯವರು ಡಾಕ್ಟರ ಮುಂದೆ ಕೇಳುವುದು ಒಂದೇ: ಆಪರೇಷನ್ ಆದಮೇಲೆ ಮಾತು ಬರುತ್ತದಾ? ಕೈಕಾಲು ಆಡುತ್ತವಾ?

ಈ ಭಯಕ್ಕೆ ಕಾರಣವಿದೆ. ಹೊಟ್ಟೆಯಲ್ಲೋ ಸ್ತನದಲ್ಲೋ ಗಡ್ಡೆ ಇದ್ದರೆ ವೈದ್ಯರು ಅದರ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿಯೇ ಕತ್ತರಿಸುತ್ತಾರೆ. ಮೆದುಳಿನಲ್ಲಿ ಹಾಗೆ ಮಾಡಲಾಗದು. ಗಡ್ಡೆಯಿಂದ ಅರ್ಧ ಸೆಂಟಿಮೀಟರ್ ಆಚೆಗೇ ಬಲಗೈಯನ್ನು ಆಡಿಸುವ ಜಾಗ ಇರಬಹುದು. ಎಲ್ಲ ಗಡ್ಡೆಗಳೂ ಒಂದೇ ಜಾತಿಯವಲ್ಲ. ಮೆದುಳಿನ ಹೊದಿಕೆ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಮೆದುಳನ್ನು ಒತ್ತುತ್ತದೆಯೇ ಹೊರತು ಸಾಮಾನ್ಯವಾಗಿ ಒಳನುಗ್ಗುವುದಿಲ್ಲ. ಅದರಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಬಿಡಿಸಿ ತೆಗೆದರೆ ಎಷ್ಟೋ ಮಂದಿ ಪೂರ್ತಿ ಗುಣವಾಗುತ್ತಾರೆ. ಮೆದುಳಿನೊಳಗೇ ಹುಟ್ಟುವ ಗ್ಲಯೋಮಾದ ಸ್ವಭಾವ ಬೇರೆ. ಹೊಲದಲ್ಲಿ ಗರಿಕೆ ಬೇರು ಬಿಟ್ಟಂತೆ ಅದು ಒಳ್ಳೆಯ ಭಾಗದ ನಡುವೆಯೇ ಹಬ್ಬುತ್ತದೆ. ಎಲ್ಲಿ ರೋಗ ಮುಗಿಯಿತು, ಎಲ್ಲಿ ಮೆದುಳು ಶುರುವಾಯಿತು ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಎಷ್ಟು ತೆಗೆಯಬೇಕು ಎನ್ನುವಷ್ಟೇ ದೊಡ್ಡ ಪ್ರಶ್ನೆ ಎಲ್ಲಿ ನಿಲ್ಲಿಸಬೇಕು ಎನ್ನುವುದು.

ಪೆನ್‌ಫೀಲ್ಡ್ ಈ ಪ್ರಶ್ನೆಯನ್ನು ತಮ್ಮ ಮನೆಯಲ್ಲೇ ಎದುರಿಸಬೇಕಾಯಿತು. 1928ರಲ್ಲಿ ಅವರು ತಮ್ಮ ಸ್ವಂತ ಅಕ್ಕ ರೂತ್ ಅವರ ಮೆದುಳಿನ ಬಲ ಮುಂಭಾಗದಿಂದ ದೊಡ್ಡದೊಂದು ಗಡ್ಡೆ ತೆಗೆದರು. ಪೂರ್ತಿ ತೆಗೆಯಲಾಗಲಿಲ್ಲ. ಅಕ್ಕ ಚೇತರಿಸಿಕೊಂಡು ಮನೆಗೆ ಮರಳಿದರು. ಮಾತು ಸರಿಯಾಗಿತ್ತು, ನಡಿಗೆ ಸರಿಯಾಗಿತ್ತು. ಸುಮಾರು ಒಂದೂಕಾಲು ವರ್ಷದ ಮೇಲೆ ಪೆನ್‌ಫೀಲ್ಡ್ ಅವರ ಮನೆಗೆ ಊಟಕ್ಕೆ ಬಂದಾಗ ಕಂಡದ್ದೇ ಬೇರೆ. ಬೇಕಾದ ಸಾಮಾನೆಲ್ಲ ಅಡುಗೆಮನೆಯಲ್ಲಿತ್ತು, ಒಂದೆರಡು ಪದಾರ್ಥ ಒಲೆಯ ಮೇಲೂ ಇದ್ದವು. ಆದರೆ ಯಾವುದಾದ ಮೇಲೆ ಯಾವುದು ಎಂಬ ಹೊಂದಿಕೆ ತಪ್ಪಿ, ಒಬ್ಬರೇ ಹೆಣಗಾಡಿ ಅವರು ಕಂಗಾಲಾಗಿದ್ದರು. ಐದಾರು ಮಂದಿಗೆ ಅಡುಗೆ ಮಾಡಿ ಬಡಿಸುವುದು ಮೊದಲು ಅವರಿಗೆ ಏನೇನೂ ಕಷ್ಟವಾಗಿರಲಿಲ್ಲ. ಪೆನ್‌ಫೀಲ್ಡ್ ಇದನ್ನು ಮುಚ್ಚಿಡದೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೆಲಸವಿಲ್ಲದ ಮೂಲೆ ಎಂದು ಆಗ ತಿಳಿದಿದ್ದ ಮೆದುಳಿನ ಮುಂಭಾಗಕ್ಕೂ ಕೆಲಸವಿದೆ ಎನ್ನುವುದಕ್ಕೆ ಇಷ್ಟು ನೋವಿನ ಸಾಕ್ಷ್ಯ ವೈದ್ಯಕೀಯದಲ್ಲಿ ಅಪರೂಪ.

ಮೆದುಳಿನ ಯಾವ ಜಾಗ ಏನು ಮಾಡುತ್ತದೆ ಎಂದು ಹೇಳಬಲ್ಲವರು ಯಾರು? ರೋಗಿಯೇ. ಎಚ್ಚರವಾಗಿರಿಸಿ ಮಾಡುವ ಆಪರೇಷನ್ನಿನ ತಿರುಳು ಇದು. ಕೇಳಿದವರಿಗೆ ಮೈ ಜುಮ್ಮೆನ್ನಬಹುದು, ಆದರೆ ಮೆದುಳಿಗೆ ನೋವಿನ ಅರಿವಿಲ್ಲ. ನೋಯುವುದು ತಲೆಯ ಚರ್ಮ ಮತ್ತು ಹೊದಿಕೆ ಪೊರೆ. ತಲೆಯ ಸುತ್ತಲಿನ ನರಗಳಿಗೆ ಸೂಜಿಮದ್ದು ಕೊಟ್ಟು ಅಲ್ಲಿ ಜೋಮು ಹಿಡಿಸುತ್ತಾರೆ. ಬುರುಡೆ ತೆರೆಯುವಷ್ಟು ಹೊತ್ತು ಅನೇಕ ಕಡೆ ರೋಗಿಯನ್ನು ಮಲಗಿಸಿರುತ್ತಾರೆ, ಆಮೇಲೆ ಎಬ್ಬಿಸುತ್ತಾರೆ. ಪರದೆಯ ಈಚೆಗೆ ಕೂತವರು ಕೆಲವೇ ಸೆಕೆಂಡಿಗೊಂದರಂತೆ ಚಿತ್ರ ತೋರಿಸುತ್ತಾ ಹೋಗುತ್ತಾರೆ, ರೋಗಿ ಹೆಸರು ಹೇಳುತ್ತಾ ಹೋಗುತ್ತಾರೆ. ಅತ್ತ ಸರ್ಜನ್ನರು ಎರಡು ತುದಿಯ ಸಣ್ಣ ಕಡ್ಡಿಯಿಂದ ಮೆದುಳಿನ ಮೇಲ್ಮೈಗೆ ಕೆಲವೇ ಮಿಲಿಆಂಪಿಯರ್ ಕರೆಂಟು ಮುಟ್ಟಿಸುತ್ತಾರೆ. ಒಂದು ಜಾಗ ಮುಟ್ಟಿದಾಗ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಇನ್ನೊಂದು ಜಾಗ ಮುಟ್ಟಿದಾಗ ಮಾತು ಅಲ್ಲೇ ಕಟ್ಟುತ್ತದೆ; ಕಡ್ಡಿ ತೆಗೆದರೆ ಮತ್ತೆ ಬರುತ್ತದೆ. ಅಂಥ ಜಾಗಕ್ಕೆ ನಂಬರಿನ ಚೀಟಿ ಇಟ್ಟು ಗುರುತು ಮಾಡುತ್ತಾರೆ. ಮಾತಿನ ಜಾಗವಾದರೆ ಅದರಿಂದ ಒಂದು ಸೆಂಟಿಮೀಟರ್ ದೂರ ಉಳಿಯುವುದು 1990ರ ದಶಕದಿಂದ ಬಂದ ರೂಢಿ. ಕರೆಂಟು ಮುಟ್ಟಿಸುವಾಗ ಒಮ್ಮೊಮ್ಮೆ ಫಿಟ್ಸ್ ಬರುವುದೂ ಉಂಟು. ಅದಕ್ಕೆಂದೇ ಮಂಜಿನಷ್ಟು ತಣ್ಣಗಿನ ಸಲೈನ್ ಪಕ್ಕದಲ್ಲಿರುತ್ತದೆ. ಮೆದುಳಿನ ಮೇಲೆ ಸುರಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಈ ಕಷ್ಟಕ್ಕೆಲ್ಲ ಫಲವಿದೆಯೇ? 8 ಸಾವಿರಕ್ಕೂ ಹೆಚ್ಚು ಗ್ಲಯೋಮಾ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆ ಇದಕ್ಕೆ ಉತ್ತರ ಕೊಟ್ಟಿತು. ಹೀಗೆ ಕರೆಂಟಿನಿಂದ ಗುರುತು ಮಾಡಿ ಆಪರೇಷನ್ ಮಾಡಿದಾಗ ಶಾಶ್ವತವಾದ ತೀವ್ರ ಊನ ಶೇ 3.4 ಮಂದಿಗೆ ಉಳಿಯಿತು, ಗುರುತು ಮಾಡದೆ ಮಾಡಿದಾಗ ಶೇ 8.2 ಮಂದಿಗೆ. ಹೆಚ್ಚು ಎಚ್ಚರ ವಹಿಸಿದರೆ ಗಡ್ಡೆ ಹೆಚ್ಚು ಉಳಿದೀತು ಎಂದು ಯಾರಿಗಾದರೂ ಅನಿಸುವುದು ಸಹಜ. ಆದದ್ದು ತಿರುಗಮುರುಗ: ಗುರುತು ಮಾಡಿದವರಲ್ಲೇ ಗಡ್ಡೆ ಹೆಚ್ಚು ಪೂರ್ತಿಯಾಗಿ ಹೊರಬಂದಿತ್ತು. ಅಪಾಯ ಎಲ್ಲಿದೆ ಎಂದು ಗೊತ್ತಾದಾಗ ಉಳಿದೆಡೆ ಧೈರ್ಯವಾಗಿ ಮುಂದುವರಿಯಬಹುದು.

ಕೋಲಾರ ಜಿಲ್ಲೆಗೆ ಇಲ್ಲೊಂದು ವಿಶೇಷ ಮಾತಿದೆ. ಶ್ರೀನಿವಾಸಪುರದ ಒಬ್ಬ ಮಾವಿನ ಬೆಳೆಗಾರರನ್ನು ಕಣ್ಮುಂದೆ ತಂದುಕೊಳ್ಳಿ. ಮನೆಯಲ್ಲಿ ತೆಲುಗು, ಮಂಡಿಯಲ್ಲಿ ತೆಲುಗು ಕನ್ನಡ ಎರಡೂ, ತಾಲ್ಲೂಕು ಕಚೇರಿಯಲ್ಲಿ ಕನ್ನಡ. ಮಾಲು ಕೊಳ್ಳಲು ಬಂದವರೊಡನೆ ಉರ್ದುವೋ ತಮಿಳೋ. ಇಂಥವರ ಮೆದುಳಿನ ಎಡಭಾಗದಲ್ಲಿ, ಮಾತಿನ ಜಾಗದ ಬಳಿ ಗಡ್ಡೆ ಬಂದರೆ ಯಾವ ಭಾಷೆಯಲ್ಲಿ ಪರೀಕ್ಷೆ ಮಾಡುವುದು? 1978ರಲ್ಲಿ ಅಮೆರಿಕದ ಜಾರ್ಜ್ ಓಜೆಮನ್ ಮತ್ತು ಹ್ಯಾರಿ ವಿಟೇಕರ್ ಎರಡು ಭಾಷೆ ಬಲ್ಲ ರೋಗಿಗಳಲ್ಲಿ ಕಂಡದ್ದು ಇದು: ಒಂದು ಜಾಗ ಮುಟ್ಟಿದರೆ ಒಂದು ಭಾಷೆಯ ಹೆಸರು ಮಾತ್ರ ತಪ್ಪುತ್ತದೆ, ಇನ್ನೊಂದು ಭಾಷೆಯದು ಸಲೀಸಾಗಿ ಬರುತ್ತದೆ. 2004ರಲ್ಲಿ 25 ಮಂದಿ ದ್ವಿಭಾಷಿಗಳ ಅಧ್ಯಯನವೂ ಇದನ್ನೇ ಹೇಳಿತು: ಕೆಲವು ಜಾಗಗಳು ಎರಡು ಭಾಷೆಗೂ ಸೇರಿದವು, ಕೆಲವು ಒಂದಕ್ಕೆ ಮಾತ್ರ. ಅಂದಮೇಲೆ ಕನ್ನಡದಲ್ಲಷ್ಟೇ ಪರೀಕ್ಷಿಸಿ ಕತ್ತರಿಸಿದರೆ, ಆ ಬೆಳೆಗಾರ ಮನೆಗೆ ಹೋಗಿ ಹೆಂಡತಿಯೊಡನೆ ತೆಲುಗಿನಲ್ಲಿ ಮಾತಾಡಲು ತಡವರಿಸಬೇಕಾದೀತು. ಒಂದೇ ಚಿತ್ರವನ್ನು ತೆಲುಗಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿಸಬೇಕು. ಹೊತ್ತು ಹಿಡಿಯುತ್ತದೆ ನಿಜ, ಆದರೆ ಬಿಡುವಂಥದ್ದಲ್ಲ.

ತೋರಿಸುವ ಚಿತ್ರವೂ ಮುಖ್ಯ. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಬಾಸ್ಟನ್ ಪರೀಕ್ಷೆಯಲ್ಲಿ ಮಂಜಿನ ಮನೆ ಇಗ್ಲೂ, ಬೀವರ್ ಎಂಬ ಪ್ರಾಣಿ, ಪ್ರೆಟ್ಜೆಲ್ ಎಂಬ ತಿನಿಸು ಇವೆ. ಮಾಲೂರಿನ ಹೆಂಚಿನ ಕಾರ್ಖಾನೆಯ ಕೆಲಸಗಾರರಿಗೆ ಇಗ್ಲೂ ಹೆಸರು ಬಾರದಿದ್ದರೆ ಅದು ಮೆದುಳಿನ ದೋಷವಲ್ಲ. ಹೆಂಚು, ಸೌದೆ, ಟೊಮೆಟೊ, ಹಾಲಿನ ಕ್ಯಾನು, ದೋಸೆ ಕಾವಲಿ ತೋರಿಸಿದರೆ ಓದು ಬರಹ ಬಾರದವರೂ ತಟ್ಟನೆ ಹೇಳುತ್ತಾರೆ. ಆಪರೇಷನ್ನಿಗೆ ಮುಂಚೆಯೇ ಎಲ್ಲ ಚಿತ್ರ ತೋರಿಸಿ, ರೋಗಿ ಹೇಳಲಾಗದವನ್ನು ಕೈಬಿಡುವುದು ಒಳ್ಳೆಯ ಪದ್ಧತಿ.

2017ರಲ್ಲಿ ಬೆಂಗಳೂರಿನಲ್ಲಿ ಒಬ್ಬ ರೋಗಿ ಆಪರೇಷನ್ ಮೇಜಿನ ಮೇಲೆ ಗಿಟಾರ್ ನುಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಅವರಿಗಿದ್ದದ್ದು ಗಡ್ಡೆಯಲ್ಲ; ಗಿಟಾರ್ ಹಿಡಿದಾಗಲಷ್ಟೇ ಬೆರಳು ಸೆಟೆಯುವ ಡಿಸ್ಟೋನಿಯಾ. ತೊಂದರೆ ಕೊಡುತ್ತಿದ್ದ ಜಾಗವನ್ನು ಸುಡುತ್ತಾ ಹೋದಂತೆ ಬೆರಳು ಸಡಿಲವಾಯಿತೇ ಎಂದು ಆಗಲೇ ತಿಳಿಯಲು ನುಡಿಸಲೇಬೇಕಿತ್ತು. ಎಚ್ಚರದ ಗಡ್ಡೆ ಆಪರೇಷನ್ನಿನ ತರ್ಕವೂ ಅದೇ.

ಎಲ್ಲರಿಗೂ ಎಚ್ಚರದ ಆಪರೇಷನ್ ಬೇಕಿಲ್ಲ. ಕೈಕಾಲಿನ ಜಾಗಗಳನ್ನು ಅರಿವಳಿಕೆಯಲ್ಲೂ ಕರೆಂಟು ಮುಟ್ಟಿಸಿ ಸ್ನಾಯುಗಳಿಂದ ತಿಳಿಯಬಹುದು. ಕಿವಿಯ ನರದ ಗಡ್ಡೆ ತೆಗೆಯುವಾಗ ಮುಖದ ಸ್ನಾಯುಗಳಿಗೆ ಸೂಜಿ ಎಲೆಕ್ಟ್ರೋಡ್ ಹಾಕಿರುತ್ತಾರೆ. ಮುಖದ ನರಕ್ಕೆ ತಾಗಿದೊಡನೆ ಯಂತ್ರ ಸದ್ದು ಮಾಡುತ್ತದೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಗಳಲ್ಲಿ ಹೆಚ್ಚಿನವಕ್ಕೆ ಬುರುಡೆಯನ್ನೇ ತೆರೆಯಬೇಕಿಲ್ಲ, ಮೂಗಿನ ಹೊಳ್ಳೆಯ ಮೂಲಕ ಎಂಡೋಸ್ಕೋಪ್ ತೂರಿಸಿ ತೆಗೆಯುತ್ತಾರೆ. ಎಡಬಲದ ಅಂಚು ಕಾಣದೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಿದ್ದವರಲ್ಲಿ ಅನೇಕರಿಗೆ ಆಮೇಲೆ ದೃಷ್ಟಿ ಸುಧಾರಿಸುತ್ತದೆ, ಏಕೆಂದರೆ ಗಡ್ಡೆ ಒತ್ತುತ್ತಿದ್ದದ್ದು ಕಣ್ಣಿನ ನರಗಳು ಕೂಡುವ ಜಾಗವನ್ನು.

ಸ್ಕ್ಯಾನಿನ ಚಿತ್ರವನ್ನೇ ನಕ್ಷೆ ಮಾಡಿಕೊಂಡು, ಸರ್ಜನ್ನರ ಉಪಕರಣದ ತುದಿ ಈಗ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುವ ನ್ಯಾವಿಗೇಷನ್ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಮಾಮೂಲು. ಅದಕ್ಕೊಂದು ಮಿತಿಯಿದೆ. ಬುರುಡೆ ತೆರೆದು ಒಳಗಿನ ದ್ರವ ಹೊರಬಂದು ಗಡ್ಡೆ ತೆಗೆಯುತ್ತಾ ಹೋದಂತೆ ಮೆದುಳು ಜಾರಿ ಕುಸಿಯುತ್ತದೆ. ನಕ್ಷೆ ಮಾತ್ರ ಹಿಂದಿನದೇ. ಆದ್ದರಿಂದ ನಡುನಡುವೆ ಅಲ್ಟ್ರಾಸೌಂಡ್ ಇಟ್ಟು ನೋಡುತ್ತಾರೆ, ಅನುಕೂಲವಿದ್ದಲ್ಲಿ ಎಂಆರ್‌ಐ ಮಾಡುತ್ತಾರೆ. ಇನ್ನೊಂದು ಉಪಾಯ ಬಣ್ಣದ್ದು. ಆಪರೇಷನ್ನಿಗೆ ಸುಮಾರು ಮೂರು ಗಂಟೆ ಮುಂಚೆ 5-ಎಎಲ್‌ಎ ಎಂಬ ಔಷಧಿಯನ್ನು ನೀರಿನಲ್ಲಿ ಕುಡಿಸಿದರೆ, ತೀವ್ರ ಸ್ವರೂಪದ ಗ್ಲಯೋಮಾ ಕೋಶಗಳು ನೀಲಿ ಬೆಳಕಿನಲ್ಲಿ ಗುಲಾಬಿ ಕೆಂಪಾಗಿ ಹೊಳೆಯುತ್ತವೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಈ ಬೆಳಕಿನ ನೆರವು ಪಡೆದ ಶೇ 65 ರೋಗಿಗಳಲ್ಲಿ ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ಹೊರಬಂತು. ಮಾಮೂಲಿ ಬೆಳಕಿನಲ್ಲಿ ಶೇ 36 ಮಂದಿಯಲ್ಲಿ ಮಾತ್ರ. ಕಣ್ಣಿನ ಆಸ್ಪತ್ರೆಗಳಲ್ಲಿ ಬಳಸುವ ಅಗ್ಗದ ಫ್ಲೋರೆಸಿನ್ ಬಣ್ಣವನ್ನೂ ಇದೇ ಉದ್ದೇಶಕ್ಕೆ ಬಳಸುವುದಿದೆ.

ಕೆಲವೊಮ್ಮೆ ಎಲ್ಲಕ್ಕಿಂತ ಸುರಕ್ಷಿತ ದಾರಿ ಕತ್ತಿ ಮುಟ್ಟದಿರುವುದು. ನಮ್ಮ ಕಡೆ ಸ್ಕ್ಯಾನಿನಲ್ಲಿ ಕಾಣುವ ಸಣ್ಣ ಗಂಟು ಟ್ಯೂಮರೇ ಆಗಿರಬೇಕಿಲ್ಲ. ಟಿಬಿಯ ಗಂಟು ಇರಬಹುದು, ಲಾಡಿಹುಳುವಿನ ಮರಿ ಮೆದುಳು ಸೇರಿ ಕಟ್ಟಿದ ಗಂಟಿರಬಹುದು. ಫಿಟ್ಸ್ ಬಂದವರಲ್ಲಿ ಒಂದೇ ಒಂದು ಗಂಟಿದ್ದು, ಅದು ಎರಡು ಸೆಂಟಿಮೀಟರ್ ಮೀರದೆ, ಮೆದುಳಿನ ಒತ್ತಡದ ಲಕ್ಷಣಗಳೂ ಇಲ್ಲದಿದ್ದರೆ ಅದು ಹುಳುವಿನದೇ ಎಂದು ಹೇಗೆ ಗುರುತಿಸಬೇಕೆಂಬ ಮಾನದಂಡವನ್ನು ವೆಲ್ಲೂರಿನ ವೈದ್ಯರಾದ ವೇದಾಂತಂ ರಾಜಶೇಖರ್ ಮತ್ತು ಮ್ಯಾಥ್ಯೂ ಚಾಂಡಿ 1990ರ ದಶಕದಲ್ಲಿ ರೂಪಿಸಿದರು. ಎಷ್ಟೋ ಜನರ ಬುರುಡೆ ಸುಮ್ಮನೆ ತೆರೆಯುವುದು ಇದರಿಂದ ತಪ್ಪಿದೆ.

ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವುದು ಹಳ್ಳಿಗಳಲ್ಲಿ ಇಂದಿಗೂ ಇದೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ತುರುಕದೆ ಆಸ್ಪತ್ರೆಗೆ ಕರೆದೊಯ್ಯಬೇಕು. ದೊಡ್ಡವರಾದ ಮೇಲೆ ಮೊದಲ ಸಲ ಫಿಟ್ಸ್ ಬಂದರೆ, ಬೆಳಗ್ಗೆ ಎದ್ದೊಡನೆ ತಲೆನೋವು ವಾಂತಿ ದಿನೇ ದಿನೇ ಹೆಚ್ಚಿದರೆ, ಒಂದು ಕೈ ಬಲಗುಂದುತ್ತಾ ಹೋದರೆ ಸ್ಕ್ಯಾನ್ ಮಾಡಿಸುವುದನ್ನು ಮುಂದೂಡಬಾರದು. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದ ಮೊದಲ ಪ್ರಯೋಗಕ್ಕೆ ಆಯ್ದ ಜಾಗಗಳಲ್ಲಿ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯೂ ಒಂದು. ಬಿಪಿಎಲ್ ಕಾರ್ಡಿನ ಮನೆಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ; ದೊಡ್ಡ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿದ್ದರೆ ಅಲೆದಾಟ ಕಡಿಮೆ.

ಆಪರೇಷನ್ನಿಗೆ ಮುಂಚೆ ಸರ್ಜನ್ನರು ಕೇಳದಿದ್ದರೂ ಮನೆಯವರು ಹೇಳಬೇಕಾದ ಸಂಗತಿಗಳಿವೆ: ರೋಗಿ ಯಾವ ಕೈಯಲ್ಲಿ ಕೆಲಸ ಮಾಡುತ್ತಾರೆ, ಜೀವನೋಪಾಯ ಏನು, ಮನೆಯಲ್ಲಿ ಯಾವ ಮಾತು, ಹೊರಗೆ ಯಾವ ಮಾತು, ಮೊದಲು ಕಲಿತದ್ದು ಯಾವುದು. ಮಾತಿನ ಜಾಗದ ಪಕ್ಕದಲ್ಲಿ ಗಡ್ಡೆ ತೆಗೆದ ಮೇಲೆ ಊತದಿಂದಾಗಿ ಕೆಲವು ದಿನ, ಕೆಲವು ವಾರ ಮಾತು ತೊದಲುವುದು ಸಾಮಾನ್ಯ, ಅನೇಕರಲ್ಲಿ ಅದು ಸರಿಹೋಗುತ್ತದೆ. ಬಹುಭಾಷಿಗಳಲ್ಲಿ ಎಲ್ಲ ಭಾಷೆಗಳೂ ಒಟ್ಟಿಗೆ ಮರಳಬೇಕೆಂದೇನಿಲ್ಲ. ಎಳವೆಯಲ್ಲಿ ಕಲಿತದ್ದು ಮೊದಲು ಬರಬಹುದು, ದಿನಬಳಕೆಯದು ಮೊದಲು ಬರಬಹುದು. ಯಾವುದು ಮುಂದೆ ಎಂದು ಮುಂಚೆಯೇ ಹೇಳಲಾಗದು. ಮೊದಲು ತೆಲುಗು ಬಂದರೆ ಮನೆಯವರು ತೆಲುಗಿನಲ್ಲೇ ಮಾತಾಡಿಸಲಿ, ವಾಕ್ ಚಿಕಿತ್ಸಕರಿಗೂ ಅದನ್ನು ತಿಳಿಸಲಿ. ಕನ್ನಡಕ್ಕೆ ಬರಲು ಇನ್ನಷ್ಟು ವಾರ ಹಿಡಿದರೆ ಹಿಡಿಯಲಿ.